ರಬ್ಬರ್ ಗಡಿಯಾರ

ನನ್ನ ಹೆಸರು ವೆನಿಂಗ್. ನಮ್ಮ ಜಾವಾ ಮಾತಿನಲ್ಲಿ ಹಾಗೆಂದರೆ ತಿಳಿನೀರು. ಹೆಸರಿಟ್ಟ ಅಜ್ಜಿ ನನ್ನ ಮುಖ ಸರಿಯಾಗಿ ನೋಡಿರಲಿಲ್ಲ ಅನ್ನಿಸುತ್ತದೆ. ನಾನು ಒಲೆಯ ಮೇಲಿಟ್ಟ ನೀರು, ಉಪವಾಸದ ತಿಂಗಳಲ್ಲಂತೂ ಕೇಳುವುದೇ ಬೇಡ. ಆ ವರ್ಷ ಉಪವಾಸದ ನಾಲ್ಕನೆಯ ದಿನ, ಮಂಗಳವಾರ, ನಮ್ಮ ಕೇರಿಯ ಮಸೀದಿಯ ನಗಾರಿ ನಾಲ್ಕು ನಿಮಿಷ ಮೊದಲೇ ಮೊಳಗಿಬಿಟ್ಟಿತು. ಮುನ್ನೂರು ಮನೆಯವರು ಹೊತ್ತು ಮುಳುಗುವ ಮುಂಚೆಯೇ ಬಾಯಿಗೆ ಖರ್ಜೂರ ಹಾಕಿಕೊಂಡರು. ಅವರಲ್ಲಿ ನಾನೂ ಒಬ್ಬಳು.

ನಾವೆಲ್ಲ ಎರಡನೆಯ ಲೋಟ ಶರಬತ್ತಿಗೆ ಕೈ ಹಾಕಿದ್ದಾಗ ಊರ ನಡುವಿನ ದೊಡ್ಡ ಮಸೀದಿಯ ಬಾಂಗು ಕೇಳಿಸಿತು. ಅಮ್ಮನ ಕೈ ಅಲ್ಲೇ ನಿಂತಿತು. ನಾಲ್ಕು ನಿಮಿಷ ಏನು ಮಹಾ ಎಂದು ಕೇಳುವವರು ಒಂದು ದಿನ ನಮ್ಮೂರು ಸೆಮಾರಾಂಗಿನ ಬಿಸಿಲಲ್ಲಿ ಗುಟುಕು ನೀರಿಲ್ಲದೆ ಇದ್ದು ನೋಡಲಿ. ಇಡೀ ದಿನದ ಉಪವಾಸ ಕೆಟ್ಟಿತ್ತು. ಹಬ್ಬ ಕಳೆದ ಮೇಲೆ ಪ್ರತಿಯೊಬ್ಬರೂ ಇನ್ನೊಂದು ದಿನ ಉಪವಾಸವಿದ್ದು ಅದನ್ನು ತುಂಬಿಕೊಡಬೇಕು.

ನಗಾರಿ ಹೊಡೆಯುವವನು ಕಸ್ದು ತಾತ. ನಲವತ್ತೊಂದು ವರ್ಷದಿಂದ ಅವನೇ. ಎಮ್ಮೆ ಚರ್ಮದ ಆ ನಗಾರಿಯ ಪಕ್ಕದಲ್ಲಿ ಒಂದು ಪೆಟ್ಟಿಗೆ ಇದೆ, ಅದರ ಮೇಲೊಂದು ಹಸಿರು ದೀಪ. ಸಂಜೆಯ ಹೊತ್ತಾದ ಕೂಡಲೆ ದೀಪ ಹತ್ತುತ್ತದೆ, ತಾತ ಹೊಡೆಯುತ್ತಾನೆ. ಆ ಪೆಟ್ಟಿಗೆ ನಮ್ಮ ಕಂಪನಿಯದು. ಅದರೊಳಗಿನ ಕಂಪ್ಯೂಟರ್ ಕೋಡು ಬರೆದವಳು ನಾನು. ಸುತ್ತಮುತ್ತಲಿನ ಎಂಟುನೂರು ಮಸೀದಿಗಳಲ್ಲಿ ಅಂಥ ಪೆಟ್ಟಿಗೆ ಇದೆ. ಎರಡು ವರ್ಷದಿಂದ ಒಂದು ದೂರೂ ಬಂದಿರಲಿಲ್ಲವಾದ್ದರಿಂದ ನನಗೆ ತಲೆಯ ಮೇಲೊಂದು ಕೊಂಬು ಬೆಳೆದಿತ್ತು.

ಪ್ರಾರ್ಥನೆ ಮುಗಿದದ್ದೇ ಮಸೀದಿಯ ಅಂಗಳದಲ್ಲಿ ಗುಂಪು ಕೂಡಿತು. ಕೇರಿಯ ಹಿರಿಯ ಹಾಜಿ ಮುಹ್ತರ್ ನನ್ನನ್ನು ಕರೆಸಿದರು.

"ವೆನಿಂಗ್, ಪೆಟ್ಟಿಗೆ ನಿಂದು. ನೀನೇ ಹೇಳವ್ವ, ತಪ್ಪು ಪೆಟ್ಟಿಗೇದೋ, ಮುದುಕಂದೋ?"

"ನಾನು ದೀಪ ಹತ್ತಿದ ಮೇಲೇನೇ ಹೊಡೆದಿದ್ದು," ಎಂದ ತಾತ ಮೂಲೆಯಿಂದ.

"ಪೆಟ್ಟಿಗೆ ತಪ್ಪು ಮಾಡಲ್ಲ ಹಾಜಿಯವರೇ," ಎಂದೆ ನಾನು.

ಅಷ್ಟೇ ನಾನು ಅಂದದ್ದು. ಒಂದು ಸಲ ಯೋಚಿಸಲಿಲ್ಲ, ಒಂದು ಸಲ ಪೆಟ್ಟಿಗೆ ಬಿಚ್ಚಿ ನೋಡಲಿಲ್ಲ. ಹಾಜಿಯವರು ಗಡ್ಡ ನೀವಿಕೊಂಡು, "ಕಸ್ದು, ಕಣ್ಣು ಮಂಜಾಗೋದು ಪಾಪ ಅಲ್ಲ. ಶುಕ್ರವಾರ ಸಂಜೆಮುಂದೆ ಅಸರ್ ನಮಾಜು ಆದ್ಮೇಲೆ ನಗಾರಿ ಕೋಲು ಒಪ್ಪಿಸಿಬಿಡು. ಇನ್ಮೇಲೆ ಸ್ಪೀಕರಲ್ಲಿ ರೆಕಾರ್ಡ್ ಹಾಕಿದ್ರಾಯ್ತು," ಎಂದರು. ತಾತ ಉಟ್ಟ ಸರೋಂಗು ಕೊಡವಿಕೊಂಡು ಎದ್ದು, ಎಲ್ಲರ ಚಪ್ಪಲಿಯ ನಡುವೆ ತನ್ನದನ್ನು ಹುಡುಕಿಕೊಂಡು ಹೋದ. ಮಾತಾಡಿಸಲು ಒಬ್ಬರೂ ಹಿಂದೆ ಹೋಗಲಿಲ್ಲ.

ಬುಧವಾರ ಬೆಳಿಗ್ಗೆ ಆಫೀಸಿಗೆ ಬಂದರೆ ಗ್ರಾಹಕರ ದೂರಿಗೆಂದು ಇಟ್ಟ ಫೋನಿನಲ್ಲಿ ಒಂದು ಸಂದೇಶ. ನಮ್ಮ ಪಕ್ಕದ ಕೇರಿಯ ಇನ್ನೊಂದು ಮಸೀದಿಯವರದು: 'ನಿನ್ನೆ ನಮ್ಮಲ್ಲೂ ದೀಪ ಬೇಗ ಹತ್ತಿತು. ನಮ್ಮ ನಗಾರಿಯವ ಆ ಹೊತ್ತಿಗೆ ಅಲ್ಲಿರಲಿಲ್ಲ, ಬದುಕಿಕೊಂಡೆವು. ಯಾಕೆ ಹೀಗೆ?'

ಓದಿದವಳೇ ಫೋನನ್ನು ನಮ್ಮ ಮಾಲೀಕ ಪಾಕ್ ಹರ್ಸೋನೋ ಅವರ ಮುಂದೆ ಹಿಡಿದೆ; ಪಾಕ್ ಅಂದರೆ ನಮ್ಮಲ್ಲಿ ಯಜಮಾನರೇ ಎಂದ ಹಾಗೆ.

"ಅಲ್ಲೂ ಒಬ್ಬ ಮುದುಕ ಇರ್ಬೇಕು," ಎಂದು, ತಾತನ ಸುದ್ದಿ ಆಗಲೇ ಕೇಳಿದ್ದ ಅವರು ನಕ್ಕುಬಿಟ್ಟರು.

ನನಗೆ ನಗು ಬರಲಿಲ್ಲ. ಅಂದಿನಿಂದ ಶುರುವಾಯಿತು ನನ್ನ ಪರದಾಟ, ಕಾಲು ಸುಟ್ಟ ಬೆಕ್ಕಿನ ಹಾಗೆ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಮೇಜಿನ ಮೇಲೆ ಒಂದು ಪೆಟ್ಟಿಗೆ ಇಟ್ಟುಕೊಂಡು ಅದರ ಗಡಿಯಾರವನ್ನು ಕೈಯಿಂದ ಐದೂಮುಕ್ಕಾಲಿಗೆ ತಿರುಗಿಸಿ ಕಾದೆ. ಪೆಟ್ಟಿಗೆಯೊಳಗಿನ ವರ್ಷದ ವೇಳಾಪಟ್ಟಿಯಲ್ಲಿದ್ದ ಹಾಗೆಯೇ ಸರಿಯಾಗಿ ಆರು ಗಂಟೆ ಎರಡು ನಿಮಿಷಕ್ಕೆ ದೀಪ ಹತ್ತಿತು. ಮತ್ತೆ ತಿರುಗಿಸಿದೆ. ಒಮ್ಮೊಮ್ಮೆ ನಾನು ತಿರುಗಿಸಿದ ಗಡಿಯಾರವನ್ನು ಪೆಟ್ಟಿಗೆ ತಾನೇ ಇಂಟರ್ನೆಟ್ಟಿಗೆ ಕೇಳಿ ಸರಿಮಾಡಿಕೊಂಡು, ಮಧ್ಯಾಹ್ನ ಹನ್ನೆರಡು ಎಂದು ನನ್ನ ಮುಖಕ್ಕೇ ಹೇಳುತ್ತಿತ್ತು. ಕರೆಂಟು ಹೋದರೆ ಏನಾಗುತ್ತದೆ ನೋಡೋಣವೆಂದು ಹದಿಮೂರು ಸಲ ವಯರು ಕಿತ್ತು ಹಾಕಿದೆ. ಹದಿಮೂರು ಸಲವೂ ಸರಿ.

"ನಿಂಗ್, ಅದು ಪೆಟ್ಟಿಗೆ, ನಿನ್ನ ಗಂಡ ಅಲ್ಲ. ಹಾಗೆ ಗುರಾಯಿಸ್ಬೇಡ," ಎಂದ ನನ್ನ ಜೊತೆ ಕೆಲಸ ಮಾಡುವ ಕೋ ಲಿಯಾಂಗ್. ಅವನು ಚೀನೀ ಮನೆತನದವನು, ಕೋ ಅಂದರೆ ಅವರಲ್ಲಿ ಅಣ್ಣ; ಉಪವಾಸವಿಲ್ಲ. ನಮ್ಮೆದುರು ತಿನ್ನಬಾರದೆಂದು ಬೀರುವಿನ ಹಿಂದೆ ಕುರ್ಚಿ ಹಾಕಿಕೊಂಡು ಬಿಸ್ಕತ್ತು ಮುರಿಯುತ್ತಾನೆ. ಆ ಸದ್ದು ಮಾತ್ರ ಊರಿಗೆಲ್ಲ ಕೇಳುತ್ತದೆ.

"ಕೋ, ನಿಜವಾದ ಸಂಜೇಲಿ ನೋಡ್ಬೇಕು. ಕೈಯಲ್ಲಿ ತಿರುಗಿಸಿದ್ರೆ ಏನೂ ಸಿಕ್ತಿಲ್ಲ."

"ಸಂಜೆ ದಿನಕ್ಕೊಂದೇ ಕಣಮ್ಮ. ಇನ್ನೊಂದು ಬೇಕು ಅಂದ್ರೆ ನಾಳೆ ಬಾ."

ಅವನು ತಮಾಷೆಗೆ ಅಂದಿದ್ದರೂ ನನ್ನ ಕುತ್ತಿಗೆಗೆ ಸುತ್ತಿಕೊಂಡ ಹಗ್ಗ ಅದೇ. ನಾನು ಬರೆದ ಕೋಡು ಹೊತ್ತು ತಿಳಿಯಬೇಕಾದಾಗಲೆಲ್ಲ ತಾನೇ ಎದ್ದು ಹೋಗಿ ಪೆಟ್ಟಿಗೆಯ ಗಡಿಯಾರವನ್ನು ಕೇಳುತ್ತಿತ್ತು. ಅದರ ಕಿವಿಗೆ ಬೇರೆ ಯಾರ ಮಾತೂ ಬೀಳದು. ನಾನೇ ಹಾಗೆ ಕಟ್ಟಿದ್ದೆ, ಸುಲಭವೆಂದು. ಈಗ ಅದರಿಂದ ಮಂಗಳವಾರದ ಸಂಜೆಯನ್ನು ಮತ್ತೆ ಆಡಿಸಬೇಕೆಂದರೆ ಮಂಗಳವಾರವೇ ಬರಬೇಕು. ಶುಕ್ರವಾರಕ್ಕೆ ಇದ್ದದ್ದು ಎರಡು ಸಂಜೆ. ಬುಧವಾರದ ಸಂಜೆ ದೀಪ ಸರಿಯಾಗಿ ಹತ್ತಿ ನನ್ನ ಕೈ ತಪ್ಪಿತು. ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಇನ್ನು ಕೂರಲಾರದೆ ಮಸೀದಿಗೆ ನಡೆದೆ.

ಕಸ್ದು ತಾತ ನಗಾರಿಯ ಚರ್ಮಕ್ಕೆ ಎಣ್ಣೆ ತಿಕ್ಕುತ್ತಿದ್ದ. ಮಾರನೆಯ ದಿನ ಕೋಲು ಒಪ್ಪಿಸಬೇಕಾದವನು ಇಂದು ಎಣ್ಣೆ ತಿಕ್ಕುವುದನ್ನು ನೋಡಿ ನನಗೆ ನಿಂತಲ್ಲೇ ನಾಚಿಕೆಯಾಯಿತು.

"ಬಾ ಮಗಳೇ. ನೆರಳಲ್ಲಿ ಕೂತ್ಕೋ, ಗಂಟಲು ಒಣಗುತ್ತೆ," ಎಂದ, ನಾನೇನೂ ಅಂದೇ ಇಲ್ಲವೆಂಬಂತೆ.

"ತಾತ, ಮಂಗಳವಾರ ಏನಾಯ್ತು ಅಂತ ಮೊದಲಿಂದ ಹೇಳ್ತೀಯಾ?"

"ಏನಾಗೋದು? ನಾಲ್ಕು ಗಂಟೆಗೆ ಮಳೆ ಹುಯ್ತು. ಕರೆಂಟು ಹೋಯ್ತು. ಐದೂವರೆಗೆ ಬಂತು. ಚಾಪೆ ಎಲ್ಲ ನೆಂದಿತ್ತು, ಒಣಗಾಕ್ತಿದ್ದೆ. ಆ ಕೆಂಪು ಚುಕ್ಕೆ ಮಿಣಮಿಣ ಅಂತಿತ್ತು ಬಾಳ ಹೊತ್ತು, ಇಂಟರ್ನೆಟ್ಟಿಂದು. ಆಮೇಲೆ ಅದೂ ಹಸಿರಾಯ್ತು. ಆಮೇಲೆ ದೀಪ ಹತ್ತಿತು."

ಬಾಳ ಹೊತ್ತು. ಆ ಮಾತು ನನ್ನ ಕಿವಿಗೆ ಬಿತ್ತು, ಆದರೆ ಒಳಗೆ ಇಳಿಯಲಿಲ್ಲ. ತಾತ ಎಣ್ಣೆ ಬಟ್ಟೆ ಹಿಂಡುತ್ತ ತನ್ನಷ್ಟಕ್ಕೆ ಮಾತು ಮುಂದುವರಿಸಿದ್ದ.

"ಈ ದೀಪ ಬರೋಕೆ ಮುಂಚೆ ನಮ್ ಹಳೇ ಗುರುಗಳು ಆ ಮೆಟ್ಟಿಲ ಮೇಲೆ ನಿಲ್ತಿದ್ರು. ಕೈಯಲ್ಲಿ ಬಿಳಿ ಕರವಸ್ತ್ರ. ಹೊತ್ತು ನೋಡೋದು ಅವರ ಕೆಲಸ, ಹೊಡೆಯೋದು ನನ್ ಕೆಲಸ. ನನ್ ಹತ್ರ ಗಡಿಯಾರಾನೇ ಇರ್ಲಿಲ್ಲ. ಮೊದಲ್ನೇ ವರ್ಷ ನಾನು ತಪ್ಪು ಮಾಡ್ಬಾರ್ದು ಅಂತ ಏನ್ ಮಾಡ್ತಿದ್ರು ಗೊತ್ತಾ? ಉಪವಾಸ ಶುರುವಾಗೋಕೆ ಮುಂಚೆ, ಬೆಳಿಗ್ಗೆ ಹತ್ತು ಗಂಟೆಗೆ ನಗಾರಿ ಮೇಲೆ ಕಂಬಳಿ ಹೊದಿಸಿ ನನ್ನ ನಿಲ್ಲಿಸೋರು. ಕರವಸ್ತ್ರ ಒಂದ್ಸಲ ಬೇಗ ಬೀಸೋರು, ಒಂದ್ಸಲ ತಡವಾಗಿ, ಒಂದ್ಸಲ ಅರ್ಧ ಎತ್ತಿ ಇಳಿಸಿಬಿಡೋರು. ನಾನು ಮೋಸ ಹೋಗ್ತೀನಾ ಅಂತ. ಒಂದೇ ಬೆಳಿಗ್ಗೆ ಮೂವತ್ತು ಸಂಜೆ ಆಗಿಬಿಡೋದು!"

ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ನಾನು ಎದ್ದು ನಿಂತಿದ್ದೆ.

"ಏನಾಯ್ತೇ?"

"ಏನಿಲ್ಲ ತಾತ. ಕರವಸ್ತ್ರ."

"ಕರವಸ್ತ್ರ ಏನು?"

ನಾನು ಆಗಲೇ ಬೀದಿಯಲ್ಲಿದ್ದೆ.

ರಾತ್ರಿಯೆಲ್ಲ ಅದನ್ನು ತಲೆಯಲ್ಲೇ ಕಟ್ಟಿ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಆಫೀಸಿನ ಬಾಗಿಲು ತೆರೆದವಳು ನಾನೇ. ಮಾಡಿದ ಕೆಲಸ ಹೇಳಲು ದೊಡ್ಡದೇನಲ್ಲ. ದೀಪ ಹತ್ತಿಸುವ ಕೋಡು ಇನ್ನು ಮೇಲೆ ತಾನೇ ಹೋಗಿ ಗಡಿಯಾರ ಹುಡುಕಕೂಡದು. ಗಡಿಯಾರವನ್ನು ಹೊರಗಿನವರು ಅದರ ಕೈಗೆ ಕೊಡಬೇಕು. ಹಾಗೆಯೇ ದೀಪವನ್ನೂ. ಮಸೀದಿಯಲ್ಲಿ ಕೊಡುವಾಗ ನಿಜವಾದ ಗಡಿಯಾರ, ನಿಜವಾದ ದೀಪ. ನನ್ನ ಮೇಜಿನ ಮೇಲೆ ಮಾತ್ರ ನಾನು ಮಾಡಿದ ಸುಳ್ಳು ಗಡಿಯಾರ, ನಾನು ಹೇಳಿದ ಹೊತ್ತನ್ನೇ ಹೇಳುವಂಥದು. ದೀಪದ ಬದಲು ಒಂದು ಸಾಲು ಬರವಣಿಗೆ. ಒಳಗಿನ ಕೋಡಿಗೆ ಕರವಸ್ತ್ರ ಬೀಸುವ ಕೈ ಯಾರದೆಂದು ಗೊತ್ತಾಗಬೇಕಾಗಿಲ್ಲ. ಒಂಬತ್ತು ಕಡೆ ಕತ್ತರಿಸಿ, ಒಂಬತ್ತು ಕಡೆ ಹೊಲಿಯಬೇಕಾಯಿತು. ಎರಡು ವರ್ಷದ ಸೋಮಾರಿತನಕ್ಕೆ ಮೂರು ಗಂಟೆ ಬೆವರು.

ಕೋ ಲಿಯಾಂಗ್ ಬೀರುವಿನ ಹಿಂದಿನಿಂದ ತಲೆ ಹಾಕಿದ.

"ಏನಿದು? ಬೇಕಾದಾಗ ಹಿಂದಕ್ಕೆ ಹೋಗುತ್ತೆ, ಬೇಕಾದಾಗ ಓಡುತ್ತೆ?"

"ಹೂಂ. ನಾನು ಹೇಳಿದ ಹಾಗೆ."

"ಇದಕ್ಕೆ ಇಷ್ಟು ಒದ್ದಾಡಿದ್ಯಾ? ರಬ್ಬರ್ ಗಡಿಯಾರ! ಈ ಊರಲ್ಲಿ ಹುಟ್ಟಿದ ಪ್ರತಿಯೊಬ್ಬನ ಕೈಲೂ ಒಂದಿದೆ. ನಮ್ಮ ಭಾವಂದು ತಂದುಕೊಡ್ಲಾ? ಐದು ಗಂಟೆಗೆ ಬರ್ತೀನಿ ಅಂದ್ರೆ ಏಳಕ್ಕೆ ಬರ್ತಾನೆ."

ನಮ್ಮಲ್ಲಿ ಹೊತ್ತಿಗೆ ಸರಿಯಾಗಿ ಬಾರದವರನ್ನು ಹಾಗೇ ಬೈಯುವುದು. ಹೆಸರು ಅಂಟಿಕೊಂಡಿತು. ಕೋಡಿನಲ್ಲೂ ಅದನ್ನೇ ಬರೆದೆ.

ಮೊದಲು ಸಾಮಾನ್ಯ ದಿನವೊಂದನ್ನು ಓಡಿಸಿದೆ. ಆರು ಎರಡು. ಸರಿ. ಕಣ್ಣು ಮಿಟುಕಿಸುವುದರೊಳಗೆ ಒಂದು ಸಂಜೆ ಮುಗಿದಿತ್ತು. ಉಪವಾಸದ ಮೂವತ್ತು ಸಂಜೆಗಳನ್ನೂ ಓಡಿಸಿದೆ. ಎಲ್ಲ ಸರಿ. ಕರೆಂಟು ಹೋಗಿ ಬಂದ ಸಂಜೆ, ಅದೂ ಸರಿ. ಆಗ ತಾತನ ಮಾತು ಒಳಗೆ ಇಳಿಯಿತು. ಕೆಂಪು ಚುಕ್ಕೆ ಬಾಳ ಹೊತ್ತು ಮಿಣಮಿಣ ಅಂತಿತ್ತು.

ನಮ್ಮ ಪೆಟ್ಟಿಗೆಯ ಗಡಿಯಾರಕ್ಕೆ ಸ್ವಂತ ಬ್ಯಾಟರಿ ಇಲ್ಲ. ಕರೆಂಟು ಹೋದರೆ ಎಲ್ಲವನ್ನೂ ಮರೆತು, ಬಂದಾಗ ಹಸುಗೂಸಿನ ಹಾಗೆ ಜನವರಿ ಒಂದಕ್ಕೆ ಕಣ್ಣು ಬಿಡುತ್ತದೆ. ಇಂಟರ್ನೆಟ್ ಸಿಕ್ಕ ಕೂಡಲೆ ನಿಜವಾದ ತಾರೀಕು ಕೇಳಿಕೊಳ್ಳುತ್ತದೆ. ಅದು ನನಗೆ ಗೊತ್ತಿತ್ತು. ನಾನು ವಯರು ಕಿತ್ತು ಹಾಕಿದ ಹದಿಮೂರು ಸಲವೂ ಆಫೀಸಿನ ಇಂಟರ್ನೆಟ್ ಗಟ್ಟಿಯಾಗಿ ನಿಂತಿತ್ತು, ಅರೆಕ್ಷಣದಲ್ಲಿ ಉತ್ತರ ಬರುತ್ತಿತ್ತು. ಮಂಗಳವಾರ ಕೇರಿಯಲ್ಲಿ ಇಂಟರ್ನೆಟ್ಟೂ ಸತ್ತು, ನಿಧಾನವಾಗಿ ಎದ್ದಿತ್ತು.

ರಬ್ಬರ್ ಗಡಿಯಾರಕ್ಕೆ ಹೇಳಿದೆ: ಜನವರಿ ಒಂದಕ್ಕೆ ಏಳು. ಐದು ನಿಮಿಷ ಹಾಗೇ ಇರು. ಆಮೇಲೆ ಮಂಗಳವಾರ ಸಂಜೆ ಐದು ಮೂವತ್ತೈದು ಆಗು.

ಪರದೆಯ ಮೇಲೆ ಕೆಂಪು ಸಾಲೊಂದು ಬಂತು. ದೀಪ ಹತ್ತಿದ ಹೊತ್ತು: ಐದು ಐವತ್ತೆಂಟು.

ಐದು ನಿಮಿಷದ ಆ ಮರೆವಿನಲ್ಲಿ ಕೋಡು ವೇಳಾಪಟ್ಟಿಯಿಂದ ಜನವರಿ ಒಂದರ ಸಂಜೆಯನ್ನು ಎತ್ತಿಟ್ಟುಕೊಂಡಿತ್ತು. ಆಮೇಲೆ ತಾರೀಕು ಸರಿಯಾದರೂ ಎತ್ತಿಟ್ಟದ್ದನ್ನು ಕೆಳಗಿಡಲಿಲ್ಲ. ಜನವರಿ ಒಂದರಂದು ನಮ್ಮೂರಲ್ಲಿ ಸಂಜೆಯಾಗುವುದು ನಾಲ್ಕು ನಿಮಿಷ ಮೊದಲು. ನಾನು ಇನ್ನೊಮ್ಮೆ ಓಡಿಸಿದೆ. ಐದು ಐವತ್ತೆಂಟು. ಮತ್ತೊಮ್ಮೆ. ಐದು ಐವತ್ತೆಂಟು. ಸಿಕ್ಕಿತೆಂಬ ಸಂತೋಷಕ್ಕೆ ಮೇಜು ಗುದ್ದಿದೆ, ಅದರ ಬೆನ್ನಿಗೇ ಅಳು ಬಂತು. ಕುಣಿಯಲಾರದ ನಾನು ನೆಲ ಡೊಂಕೆಂದಿದ್ದೆ, ಆ ನೆಲ ಎಪ್ಪತ್ತಮೂರು ವರ್ಷದ ಮುದುಕ.

ಸರಿಪಡಿಸಲು ಎರಡು ಸಾಲು ಸಾಕಾಯಿತು. ಕೆಂಪು ಹೋಗಿ ಹಸಿರಾಯಿತು. ಪಾಕ್ ಹರ್ಸೋನೋ ನನ್ನ ಬೆನ್ನ ಹಿಂದೆ ನಿಂತು ಎಲ್ಲ ನೋಡಿದರು.

"ಶಭಾಷ್. ಸದ್ದಿಲ್ದೆ ಎಲ್ಲಾ ಪೆಟ್ಟಿಗೆಗೂ ಕಳಿಸಿಬಿಡು. ಯಾರಿಗೂ ಏನೂ ಹೇಳೋದ್ ಬೇಡ."

"ಇವತ್ತು ಸಂಜೆ ಕಸ್ದು ತಾತನ ಕೋಲು ಕಿತ್ಕೋತಾರೆ ಪಾಕ್."

"ಅವನಿಗೂ ವಯಸ್ಸಾಯ್ತಲ್ಲ ವೆನಿಂಗ್. ಇವತ್ತಲ್ಲ ನಾಳೆ ಬಿಡ್ಬೇಕಾದ್ದೇ. ನಮ್ಮದು ತಪ್ಪು ಅಂತ ಒಂದು ಮಸೀದಿ ಅಂದ್ರೆ ಎಂಟುನೂರು ಮಸೀದಿ ಅನ್ನುತ್ತೆ."

"ತಪ್ಪು ನಮ್ಮದೇ ಅಲ್ವಾ?"

"ನೀನು ಬಾಯಿ ಬಿಟ್ರೆ ಸೋಮವಾರ ನಿನ್ನ ಕುರ್ಚಿ ಇಲ್ಲಿ ಇರಲ್ಲ," ಎಂದು ಅವರು ಮೆತ್ತಗೆ ಹೇಳಿ ಹೋದರು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಇಲ್ಲಿ ಹೋಗುತ್ತಿದ್ದದ್ದು ನನ್ನ ಮಾನವೂ ಅಲ್ಲ. ಸರಿಪಡಿಸಿದ್ದನ್ನು ಎಲ್ಲ ಪೆಟ್ಟಿಗೆಗಳಿಗೂ ಕಳಿಸಿ, ಲ್ಯಾಪ್‌ಟಾಪನ್ನು ಚೀಲಕ್ಕೆ ತುಂಬಿದೆ. ಕೋ ಲಿಯಾಂಗ್ ನನ್ನ ಸ್ಕೂಟರಿನ ಕೀಲಿ ಹುಡುಕಿಕೊಟ್ಟ. ಆ ದಿನ ಮಾತ್ರ ಅವನು ತಮಾಷೆ ಮಾಡಲಿಲ್ಲ.

ಅಸರ್ ಮುಗಿದು ಜನ ಜಗಲಿಯ ಮೇಲೆ ಕೂತಿದ್ದರು. ಹಾಜಿ ಮುಹ್ತರ್ ನಡುವೆ, ಅವರ ಮುಂದೆ ಕಸ್ದು ತಾತ, ಅವನ ತೊಡೆಯ ಮೇಲೆ ಕೋಲು. ಅದರ ತುದಿಗೆ ಹೊಸ ಬಟ್ಟೆ ಸುತ್ತಿ ತಂದಿದ್ದ. ನಾನು ನುಗ್ಗಿ ಹೋಗಿ ಲ್ಯಾಪ್‌ಟಾಪನ್ನು ಹಾಜಿಯವರ ಮುಂದೆ ಬಿಚ್ಚಿದೆ. ತಪ್ಪು ತಿದ್ದುವ ಮುಂಚಿನ ಕೋಡಿಗೆ ಮಂಗಳವಾರದ ಸಂಜೆಯನ್ನು ಕೊಟ್ಟೆ. ಕೆಂಪು ಸಾಲು ಬಂತು.

"ಇದು ಮಂಗಳವಾರ ಪೆಟ್ಟಿಗೆ ಒಳಗಿದ್ದಿದ್ದು. ದೀಪ ಹತ್ತಿದ್ದು ಐದು ಐವತ್ತೆಂಟಕ್ಕೆ. ತಾತ ಹೇಳಿದ್ದು ನಿಜ. ತಪ್ಪು ನಂದು," ಎಂದೆ.

"ಪೆಟ್ಟಿಗೆ ತಪ್ಪು ಮಾಡಲ್ಲ ಅಂದ್ಯಲ್ಲ?" ಹಾಜಿಯವರ ದನಿ ಗಡುಸಾಗಿತ್ತು.

"ನೋಡ್ದೆ ಅಂದೆ ಹಾಜಿಯವರೇ. ಸೊಕ್ಕಿಂದ ಅಂದೆ."

ಜಗಲಿಯ ಮೇಲೆ ಗುಜುಗುಜು ಎದ್ದಿತು. ಹಿಂದಿನಿಂದ ಯಾರೋ ಗೊಣಗಿದರು, "ಆದ್ರೂ ಕಸ್ದು ಒಂದ್ಸಲ ಆಕಾಶ ನೋಡ್ಬಹುದಿತ್ತಲ್ಲ. ಕಣ್ಣಿದ್ದೋನು ನೋಡಲ್ವಾ?"

"ನೋಡ್ದೆ," ಎಂದ ತಾತ.

ಹಿಂದೆ ಕೂತವರು ಮುಂದಕ್ಕೆ ಜರುಗಿದರು.

"ಮಳೆ ನಿಂತಿತ್ತು, ಆಕಾಶ ತೊಳೆದ ಹಾಗಿತ್ತು. ಪಡುವಣದ ಕಡೆ ಸೂರ್ಯ ಇನ್ನೂ ಕಿತ್ತಳೆ ಸಿಪ್ಪೆಯಷ್ಟು ಉಳಿದಿದ್ದ. ನನ್ ಕಣ್ಣು ಅಷ್ಟೇನೂ ಹೋಗಿಲ್ಲ."

"ಹಾಗಾದ್ರೆ ಯಾಕೋ ಹೊಡೆದೆ, ಮಹರಾಯ?" ಹಾಜಿಯವರು ಮುಂದೆ ಬಾಗಿದರು.

ತಾತ ಕೋಲಿನ ತುದಿಯಿಂದ ಪೆಟ್ಟಿಗೆಯ ಕೆಳಗಿನ ಗೋಡೆ ತೋರಿಸಿದ. ಅಲ್ಲೊಂದು ಕಾಗದ ಅಂಟಿಸಿತ್ತು, ನೆನೆಯದಿರಲೆಂದು ಪ್ಲಾಸ್ಟಿಕ್ ಹಾಕಿಸಿದ್ದು. ಅಕ್ಷರ ನನ್ನದು. ಪೆಟ್ಟಿಗೆ ಕೂರಿಸಿದ ದಿನ ನಾನೇ ಬರೆದು ಅಂಟಿಸಿದ್ದೆ: 'ದೀಪ ಹತ್ತಿದ ಕೂಡಲೆ ಹೊಡೆಯಬೇಕು. ಆಕಾಶ ನೋಡುತ್ತ ಕಾಯಬಾರದು.'

"ನನಗೆ ಓದೋಕೆ ಬರಲ್ಲ. ಅವತ್ತು ಈ ಮಗು ಮೂರ್ ಸಲ ಓದಿ ಹೇಳಿತ್ತು. ತಾತ, ಕಣ್ಣು ನಂಬ್ಬೇಡ, ದೀಪ ನಂಬು ಅಂತ. ಓದಿದ ಮಗು, ಸರಿಯಾಗೇ ಹೇಳಿರುತ್ತೆ ಅಂದ್ಕೊಂಡೆ."

ಭೂಮಿ ಬಾಯಿ ಬಿಟ್ಟಿದ್ದರೆ ಆ ಹೊತ್ತಿನಲ್ಲಿ ಇಳಿದುಹೋಗುತ್ತಿದ್ದೆ. ಹಾಜಿಯವರು ಆ ಕಾಗದವನ್ನು ಓದಿ, ತಾತನ ಕಡೆ ತಿರುಗಿ ಕೇಳಿದರು, "ನೀನು ಅವತ್ತು ಏನ್ ತಿಂದೆ ಕಸ್ದು?"

"ಖರ್ಜೂರ. ಆದ್ರೆ ಹೊಡೆದಾಗ ತಿನ್ಲಿಲ್ಲ. ಜೇಬಲ್ಲೇ ಇಟ್ಕೊಂಡಿದ್ದೆ. ದೊಡ್ಡ ಮಸೀದಿ ಬಾಂಗು ಕೇಳಿದ ಮೇಲೆ ತಿಂದೆ."

ಇಡೀ ಕೇರಿಯಲ್ಲಿ ಉಪವಾಸ ಕೆಡದವನು ಅವನೊಬ್ಬನೇ. ಯಾರೋ ಬಿದ್ದು ಬಿದ್ದು ನಗತೊಡಗಿದರು, ನಗು ಜಗಲಿಯ ತುಂಬ ಹರಡಿತು, ಹಾಜಿಯವರ ಗಡ್ಡವೂ ಅಲುಗಿತು. ನಾನು ಮಾತ್ರ ಸೆರಗಿನಂತೆ ತಲೆಗೆ ಹೊದ್ದ ಬಟ್ಟೆಯ ಅಂಚಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದೆ.

"ಕೋಲು ನಿನ್ನ ಹತ್ರಾನೇ ಇರ್ಲಿ," ಎಂದರು ಹಾಜಿ ಮುಹ್ತರ್. ನಾನು ಎದ್ದು ಹೋಗಿ ಆ ಕಾಗದವನ್ನು ಉಗುರಿನಿಂದ ಕಿತ್ತೆ. ಗಟ್ಟಿಯಾಗಿ ಅಂಟಿಸಿದ್ದೆ, ಗೋಡೆಯ ಸುಣ್ಣವೂ ಜೊತೆಗೆ ಬಂತು.

ಸಂಜೆಯಾಯಿತು. ನಾನು ಮನೆಗೆ ಹೋಗಲಿಲ್ಲ, ಮೆಟ್ಟಿಲ ಮೇಲೇ ನಿಂತಿದ್ದೆ. ಮನೆಮನೆಯಿಂದ ತೆಂಗಿನಹಾಲಿನಲ್ಲಿ ಬೇಯಿಸಿದ ಬಾಳೆಹಣ್ಣಿನ ವಾಸನೆ ಬರುತ್ತಿತ್ತು. ಮೂವತ್ತಲ್ಲ, ಮುನ್ನೂರು ಸಂಜೆಗಳನ್ನು ಬೆಳಿಗ್ಗೆಯಿಂದ ಓಡಿಸಿ ನೋಡಿದ್ದೆ, ಆದರೂ ಮತ್ತೆ ಮತ್ತೆ ಪೆಟ್ಟಿಗೆಯನ್ನೇ ನೋಡುತ್ತಿದ್ದೆ.

ದೀಪ ಹತ್ತಿತು. ತಾತ ಕೋಲು ಎತ್ತಿದ. ಹೊಡೆಯಲಿಲ್ಲ. ಎತ್ತಿದ ಕೋಲನ್ನು ಹಾಗೇ ಹಿಡಿದು ನನ್ನ ಕಡೆ ನೋಡಿದ. ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ, ನಾನು ನಿಂತ ಮೆಟ್ಟಿಲು ಹಳೇ ಗುರುಗಳದೆಂದು ಹೊಳೆಯಿತು. ಫೋನು ನೋಡಿದೆ, ಆರು ಎರಡು. ಪಡುವಣದ ಕಡೆ ನೋಡಿದೆ, ಸಿಪ್ಪೆಯಷ್ಟೂ ಉಳಿದಿರಲಿಲ್ಲ. ಚೀಲದಲ್ಲಿ ಕೈಯಾಡಿಸಿ ಸಿಕ್ಕ ಕರವಸ್ತ್ರವನ್ನು ತಲೆಯ ಮೇಲೆತ್ತಿ ಬೀಸಿದೆ.

ನಗಾರಿ ಮೊಳಗಿತು. ಹೊಡೆದು ಮುಗಿಸಿ ತಾತ ಮೆಟ್ಟಿಲ ಬಳಿ ಬಂದ. ಜೇಬಿನಿಂದ ಖರ್ಜೂರ ತೆಗೆದು ಎರಡು ಮಾಡಿ, ಒಂದು ಭಾಗ ನನ್ನ ಅಂಗೈಯಲ್ಲಿಟ್ಟ.

"ಈಗ ತಿನ್ನು ಮಗಳೇ," ಎಂದ. "ಹೊತ್ತಾಯ್ತು."